ಗೋಧಿ ಚೀಲದ ಮೇಲಿನ ಎರಡು ಕೈಗಳು

ಅರವತ್ತರ ದಶಕದಲ್ಲಿ ಶಿರಾ ಸೀಮೆಯ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ಕಲಿತವನು ನಾನು. ಮಳೆ ಕೈಕೊಟ್ಟಿದ್ದ 1966ರ ಆ ವರ್ಷ ನಮ್ಮನ್ನು ತಪ್ಪದೆ ಶಾಲೆಗೆ ಎಳೆದು ತರುತ್ತಿದ್ದುದು ಮಧ್ಯಾಹ್ನದ ಉಪ್ಪಿಟ್ಟು. ಅದರ ಗೋಧಿ ನುಚ್ಚು ಅಮೆರಿಕದ್ದು, ಎಣ್ಣೆಯೂ ಅಮೆರಿಕದ್ದು. ಕೇರ್ ಎಂಬ ಸಂಸ್ಥೆಯ ಮೂಲಕ ಬರುತ್ತಿದ್ದುದರಿಂದ ಊರವರೆಲ್ಲ ಅದನ್ನು 'ಕೇರ್ ಉಪ್ಪಿಟ್ಟು' ಎಂದೇ ಕರೆಯುತ್ತಿದ್ದರು. ಖಾಲಿಯಾದ ಚೀಲಗಳನ್ನು ಬಿಚ್ಚಿ ನೆಲಕ್ಕೆ ಹಾಸಿಕೊಂಡು ನಾವು ಕೂರುತ್ತಿದ್ದೆವು. ಚೀಲದ ಮೇಲೆ ಪಟ್ಟೆ ಮತ್ತು ನಕ್ಷತ್ರಗಳಿದ್ದ ಒಂದು ಗುರಾಣಿ, ಅದರ ಮುಂದೆ ಪರಸ್ಪರ ಹಿಡಿದುಕೊಂಡಿರುವ ಎರಡು ಕೈಗಳು. ಜೊತೆಗಿದ್ದ ಇಂಗ್ಲಿಷ್ ಅಕ್ಷರಗಳನ್ನು ಓದಿ ಮೇಷ್ಟರು ಅರ್ಥ ಹೇಳಿದ್ದರು: ಇದು ಅಮೆರಿಕದ ಜನತೆಯ ಕೊಡುಗೆ. ಆ ಎರಡು ಕೈಗಳಲ್ಲಿ ನಮ್ಮದು ಯಾವುದು ಎಂದು ನಾವು ಹುಡುಗರು ಜಗಳವಾಡುತ್ತಿದ್ದೆವು.

ನಲವತ್ತು ವರ್ಷಗಳ ನಂತರ, 2006ರ ಜೂನ್ ತಿಂಗಳಲ್ಲಿ, ಆ ಇನ್ನೊಂದು ಕೈಯನ್ನು ಕುಲುಕುವ ಅವಕಾಶ ನನಗೆ ಒದಗಿತು. ನನ್ನ ತಮ್ಮ ಆಗ ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ ಎಂಜಿನಿಯರ್ ಆಗಿದ್ದ. ಅದು ಗೋಧಿ ಕೊಯ್ಲಿನ ಕಾಲ. ಕಣ್ಣು ಹಾಯಿಸಿದಷ್ಟು ದೂರವೂ ಹೊಂಬಣ್ಣದ ಬಯಲು. ಅಲ್ಲಲ್ಲಿ, ನಮ್ಮಲ್ಲಿ ಊರಿಗೊಂದು ಗೋಪುರವಿದ್ದಂತೆ, ಊರಿಗೊಂದು ಬೃಹತ್ ಧಾನ್ಯದ ಕಣಜ. ಹಚಿನ್ಸನ್ ಎಂಬ ಊರಿನಲ್ಲಿರುವ ಕಣಜವೊಂದರ ಉದ್ದ ಸುಮಾರು ಅರ್ಧ ಮೈಲಿ! ಪರಿಚಿತರ ಮೂಲಕ ತಮ್ಮ ನನ್ನನ್ನು ಒಬ್ಬ ವೃದ್ಧ ರೈತರ ಮನೆಗೆ ಕರೆದೊಯ್ದ. ಅವರ ತಂದೆಯೂ ಅಜ್ಜನೂ ಅದೇ ನೆಲದಲ್ಲಿ ಗೋಧಿ ಬೆಳೆದವರು. ಬಾಗಿಲಲ್ಲೇ ನಿಂತು ಕೈಕುಲುಕಿ ಬರಮಾಡಿಕೊಂಡ ಆ ಹಿರಿಯರು, ಊಟದ ಮೇಜಿನ ಮುಂದೆ ಕುಳಿತೊಡನೆ ಕೇಳಿದ ಮೊದಲ ಪ್ರಶ್ನೆ ನನ್ನನ್ನು ಅಪ್ರತಿಭನನ್ನಾಗಿಸಿತು. ನಿಮ್ಮ ಇಂಡಿಯಾ ಇರಾಕಿಗೆ ಹತ್ತಿರವೇ ಎಂದು ಅವರು ಕೇಳಿದ್ದರು.

ಎಷ್ಟೊಂದು ಅಜ್ಞಾನ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಆದರೆ ಅವರು ಎದ್ದು ನನ್ನನ್ನು ರೆಫ್ರಿಜರೇಟರಿನ ಬಳಿಗೆ ಕರೆದೊಯ್ದರು. ಅದರ ಬಾಗಿಲಿಗೆ ಇರಾಕಿನ ಭೂಪಟವೊಂದನ್ನು ಅಂಟಿಸಲಾಗಿತ್ತು. ರಮಾದಿ ಎಂಬ ಊರಿನ ಸುತ್ತ ಕೆಂಪು ಶಾಯಿಯ ವೃತ್ತ. ಅವರ ಮೊಮ್ಮಗ ಸೈನಿಕನಾಗಿ ಅಲ್ಲಿದ್ದ. ಅಂದು ರಮಾದಿಯಲ್ಲಿ ಬಿಸಿಲು ಎಷ್ಟು, ಯೂಫ್ರೆಟಿಸ್ ನದಿ ಊರಿನ ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದೆಲ್ಲ ಆ ಮುದುಕರಿಗೆ ಗೊತ್ತಿತ್ತು. ಭೂಪಟದ ಬಲ ಅಂಚು ಇರಾನಿನ ಗಡಿಯಲ್ಲೇ ಮುಗಿದುಹೋಗಿತ್ತು. ಹಾಗಾದರೆ ಇಂಡಿಯಾ ಎಲ್ಲಿ ಎಂದು ಅವರು ಮತ್ತೆ ಕೇಳಿದಾಗ, ಭೂಪಟದಾಚೆಯ ಬರಿಯ ಬಿಳಿ ಬಾಗಿಲಿನ ಮೇಲೆ ಬೆರಳಿಟ್ಟು ತೋರಿಸಿದೆ.

ಆ ವರ್ಷದ ಮೇ ತಿಂಗಳಲ್ಲಷ್ಟೇ ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆಯ ಸಮೀಕ್ಷೆಯೊಂದು ಪ್ರಕಟವಾಗಿತ್ತು. 18ರಿಂದ 24 ವಯಸ್ಸಿನ ಅಮೆರಿಕನ್ನರಲ್ಲಿ ಶೇ 63ರಷ್ಟು ಮಂದಿಗೆ ಭೂಪಟದಲ್ಲಿ ಇರಾಕನ್ನು ಗುರುತಿಸಲಾಗಿರಲಿಲ್ಲ. ತಮ್ಮ ದೇಶ ಅಲ್ಲಿ ಯುದ್ಧ ಆರಂಭಿಸಿ ಮೂರು ವರ್ಷಗಳಾಗಿದ್ದವು. ಆಫ್ಘಾನಿಸ್ತಾನವನ್ನು ಗುರುತಿಸಲಾಗದವರು ಶೇ 88. ಇದಕ್ಕಿಂತ ಕಳವಳಕಾರಿಯಾದ ಸಂಗತಿ 2003ರ 'ವಾಷಿಂಗ್ಟನ್ ಪೋಸ್ಟ್' ಸಮೀಕ್ಷೆಯಲ್ಲಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸದ್ದಾಂ ಹುಸೇನ್ ಕೈವಾಡ ಇದ್ದಿರಬಹುದೆಂದು ಶೇ 69ರಷ್ಟು ಅಮೆರಿಕನ್ನರು ನಂಬಿದ್ದರು. ಭೂಪಟದಲ್ಲಿ ಒಂದು ದೇಶ ಎಲ್ಲಿದೆಯೆಂದು ತಿಳಿಯದಿರುವುದು ಮರೆವು ಎನ್ನೋಣ. ಮಾಡದ ಅಪರಾಧವನ್ನು ಅದರ ತಲೆಗೆ ಕಟ್ಟುವಷ್ಟು ಆ ಅಜ್ಞಾನ ಬೆಳೆದರೆ ಅದಕ್ಕೆ ಪ್ರಾಣಗಳೇ ಬೆಲೆಯಾಗುತ್ತವೆ.

ಇಂಥ ಅಂಕಿಅಂಶಗಳನ್ನು ಓದಿ ನಗುವುದು ನಮ್ಮ ವಿದ್ಯಾವಂತರಿಗೆ ಪ್ರಿಯವಾದ ಹವ್ಯಾಸ. ಆದರೆ ಅಮೆರಿಕನ್ನರು ದಡ್ಡರು ಎಂಬ ತೀರ್ಪಿನಿಂದ ಏನೂ ವಿವರಣೆ ಸಿಗುವುದಿಲ್ಲ. ಜಗತ್ತಿನ ಅತ್ಯುತ್ತಮ ವಿಶ್ವವಿದ್ಯಾಲಯಗಳು ಇರುವ ದೇಶದಲ್ಲಿ ಅನೇಕರಿಗೆ ಜಗತ್ತಿನ ಬಗ್ಗೆ ಕುತೂಹಲವೇ ಇಲ್ಲದಂತೆ ತೋರುವುದೇಕೆ?

ಮೊದಲ ಕಾರಣ ನೆಲದ್ದೇ. ಆ ದಿನ ಹಿರಿಯರ ಪ್ರಶ್ನೆಗೆ ನಾನು ಕೊಟ್ಟ ಉತ್ತರ: ಬೆಂಗಳೂರಿನಿಂದ ಬಾಗ್ದಾದಿಗೆ ಸುಮಾರು ನಾಲ್ಕು ಸಾವಿರ ಕಿ.ಮೀ. ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಬೆಂಗಳೂರಿನಿಂದ ಹೊರಟವನು ಅಷ್ಟು ದೂರ ಕ್ರಮಿಸುವಷ್ಟರಲ್ಲಿ ಹಲವು ಭಾಷೆ, ಲಿಪಿ, ನಾಣ್ಯಗಳನ್ನು ದಾಟುತ್ತಾನೆ. ಅಮೆರಿಕದವನು ಅದೇ ಭಾಷೆ, ಅದೇ ಡಾಲರ್, ಅದೇ ಅಂಗಡಿಗಳ ಫಲಕಗಳ ನಡುವೆ ಸಾಗುತ್ತಾನೆ. ವಿಚಿಟಾದಿಂದ ಅತಿ ಹತ್ತಿರದ ಕಡಲತೀರಕ್ಕೂ ಸುಮಾರು ಸಾವಿರ ಕಿ.ಮೀ. ಮರುಭೂಮಿ, ಹಿಮಪರ್ವತ, ಸಾಗರ ಎಲ್ಲವೂ ಸ್ವದೇಶದಲ್ಲೇ ಇರುವಾಗ ಪರದೇಶದ ಅಗತ್ಯ ಕಾಣುವುದಿಲ್ಲ. ಖಾಸಗಿ ನೌಕರರಿಗೆ ಸಂಬಳಸಹಿತ ವಾರ್ಷಿಕ ರಜೆ ಕಡ್ಡಾಯವಾಗಿ ನೀಡಬೇಕೆಂಬ ಒಕ್ಕೂಟ ಸರ್ಕಾರದ ಕಾನೂನೂ ಅಲ್ಲಿಲ್ಲ. ಸಿಕ್ಕುವ ಹತ್ತು ಹದಿನೈದು ದಿನಗಳಲ್ಲಿ ಅಪ್ಪ ಅಮ್ಮನ ಊರಿಗೆ ಹೋಗಿಬಂದರೆ ರಜೆ ಮುಗಿಯಿತು.

ಪಾಸ್‌ಪೋರ್ಟಿನ ಕತೆಯೂ ಇಲ್ಲೇ ಬರುತ್ತದೆ. 1989ರಲ್ಲಿ ಚಾಲ್ತಿಯಲ್ಲಿದ್ದ ಅಮೆರಿಕನ್ ಪಾಸ್‌ಪೋರ್ಟುಗಳು ಸುಮಾರು 70 ಲಕ್ಷ. ಅಂದರೆ ನೂರಕ್ಕೆ ಮೂವರ ಬಳಿ. ಕೆನಡಾಕ್ಕೆ ಹೋಗಿಬರಲು ಆಗ ಚಾಲನಾ ಪರವಾನಗಿಯಂಥ ದಾಖಲೆಯೇ ಸಾಕಿತ್ತು. ನೆರೆಯ ದೇಶಗಳ ಪ್ರಯಾಣಕ್ಕೂ ಪಾಸ್‌ಪೋರ್ಟ್ ಬೇಕೆಂಬ ನಿಯಮ ವಿಮಾನಯಾನಿಗಳಿಗೆ 2007ರಲ್ಲಿ, ಭೂಮಾರ್ಗ ಮತ್ತು ಜಲಮಾರ್ಗಗಳಿಗೆ 2009ರಲ್ಲಿ ಬಂದ ಮೇಲೆ ಈ ಸಂಖ್ಯೆ ಏರುತ್ತ ಹೋಗಿ, 2024ರ ಹೊತ್ತಿಗೆ ಸುಮಾರು 17 ಕೋಟಿ ತಲುಪಿತು. ಈಗ ಇಬ್ಬರಲ್ಲಿ ಒಬ್ಬರ ಬಳಿ ಪಾಸ್‌ಪೋರ್ಟ್ ಇದೆ. ನಮ್ಮಲ್ಲಿ ಹತ್ತರಲ್ಲಿ ಒಬ್ಬರ ಬಳಿಯೂ ಇಲ್ಲ. ಹಾಗಾಗಿ ಪಾಸ್‌ಪೋರ್ಟನ್ನೇ ಅರಿವಿನ ಅಳತೆಗೋಲು ಮಾಡಿಕೊಳ್ಳುವುದು ಸರಿಯಲ್ಲ.

ಎರಡನೆಯ ಕಾರಣ ಭಾಷೆ. 2017ರ ವರದಿಯೊಂದರ ಪ್ರಕಾರ ಅಮೆರಿಕದ ಶಾಲಾ ಮಕ್ಕಳಲ್ಲಿ ವಿದೇಶಿ ಭಾಷೆ ಕಲಿಯುವವರು ಸುಮಾರು ಐವರಲ್ಲಿ ಒಬ್ಬರು. ಇದು ಬರಿಯ ಸೋಮಾರಿತನದ ಫಲವೆಂದು ನಾನು ತಿಳಿದಿದ್ದೆ. ಆ ವೃದ್ಧರ ಮನೆತನದ ಚರಿತ್ರೆ ಕೇಳಿದ ಮೇಲೆ ಅಭಿಪ್ರಾಯ ಬದಲಾಯಿತು. ಕ್ಯಾನ್ಸಸ್‌ನ ಹೆಸರಾಂತ ಚಳಿಗಾಲದ ಗೋಧಿ ಅಮೆರಿಕದ್ದೇ ಅಲ್ಲ. 1874ರಲ್ಲಿ ರಷ್ಯಾ ಸಾಮ್ರಾಜ್ಯದ ದಕ್ಷಿಣ ಭಾಗದಿಂದ, ಅಂದರೆ ಇಂದಿನ ಉಕ್ರೇನ್ ಪ್ರದೇಶದಿಂದ ವಲಸೆ ಬಂದ ಮೆನೊನೈಟ್ ಪಂಥದ ಜರ್ಮನ್ ಭಾಷಿಕ ರೈತರು 'ಟರ್ಕಿ ರೆಡ್' ಎಂಬ ತಳಿಯ ಬೀಜ ತಂದು ಅಲ್ಲಿ ಬಿತ್ತಿದರು. ಈ ಹಿರಿಯರ ಮುತ್ತಜ್ಜ ಅವರಲ್ಲೊಬ್ಬರು. ಮನೆಯಲ್ಲಿ ಅಜ್ಜಿಯ ಕಾಲದ ಜರ್ಮನ್ ಬೈಬಲ್ ಇತ್ತು. ಅದನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ.

ಆ ಮರೆವು ತಾನಾಗಿ ಬಂದದ್ದಲ್ಲ, ಒತ್ತಾಯದಿಂದ ಬಂದದ್ದು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಶತ್ರುವಾದಾಗ ಜರ್ಮನ್ ನುಡಿಯೇ ದೇಶದ್ರೋಹದ ಗುರುತಾಯಿತು. 1918ರಲ್ಲಿ ಅಯೋವಾ ರಾಜ್ಯದ ಗವರ್ನರ್ ಸಾರ್ವಜನಿಕ ಸ್ಥಳಗಳಲ್ಲಿ, ಕೊನೆಗೆ ದೂರವಾಣಿಯಲ್ಲೂ ಇಂಗ್ಲಿಷೇತರ ಭಾಷೆ ಆಡಕೂಡದೆಂದು ಆಜ್ಞೆ ಹೊರಡಿಸಿದರು. 1919ರ ಕಾನೂನಿನ ಮೂಲಕ ನೆಬ್ರಾಸ್ಕಾ ರಾಜ್ಯವು ಎಳೆಯ ಮಕ್ಕಳಿಗೆ ಶಾಲೆಗಳಲ್ಲಿ ಅನ್ಯಭಾಷೆ ಕಲಿಸುವುದನ್ನು ನಿಷೇಧಿಸಿತು. ಹತ್ತು ವರ್ಷದ ಮಗುವಿಗೆ ಜರ್ಮನ್ ಓದಿಸಿದ ಮೇಷ್ಟರೊಬ್ಬರಿಗೆ ದಂಡ ಬಿತ್ತು. ಸುಪ್ರೀಂ ಕೋರ್ಟ್ 1923ರಲ್ಲಿ ಆ ಕಾನೂನನ್ನು ರದ್ದುಪಡಿಸಿತಾದರೂ ಅಷ್ಟರಲ್ಲಿ ಅಪ್ಪ ಅಮ್ಮಂದಿರು ಪಾಠ ಕಲಿತಿದ್ದರು: ಮಕ್ಕಳು ಇಂಗ್ಲಿಷನ್ನಷ್ಟೇ ಆಡಲಿ. ಜಗತ್ತಿನ ಮೂಲೆಮೂಲೆಗಳಿಂದ ಬಂದ ಜನರೇ ಕಟ್ಟಿದ ದೇಶಕ್ಕೆ ಜಗತ್ತು ಅಪರಿಚಿತವಾದದ್ದು ಹೀಗೆ. ಒಳ್ಳೆಯ ಅಮೆರಿಕನ್ನನಾಗಲು ತಾನು ಬಿಟ್ಟು ಬಂದ ಊರನ್ನು ಮರೆಯಬೇಕಾಗಿತ್ತು. ಬೀಜ ಉಳಿಯಿತು, ಬಂದ ದಾರಿ ಅಳಿಸಿಹೋಯಿತು.

ಮೂರನೆಯ ಕಾರಣವೇ ನನ್ನ ಮಟ್ಟಿಗೆ ಮುಖ್ಯವಾದುದು. ಅಮೆರಿಕನ್ನರಿಗೆ ಜಗತ್ತಿನ ಸಂಪರ್ಕವಿಲ್ಲ ಎನ್ನುವುದು ನಿಜವಲ್ಲ. ಅವರಷ್ಟು ಸಂಪರ್ಕ ಇನ್ನಾರಿಗೂ ಇಲ್ಲ. ಆದರೆ ಆ ಸಂಪರ್ಕವನ್ನು ಮಾರುಕಟ್ಟೆ, ಸರ್ಕಾರ ಮತ್ತು ಸೇನೆ ಅವರ ಪರವಾಗಿ ನಿಭಾಯಿಸುತ್ತವೆ. ಆ ರೈತರು ದಿನವೂ ಬೆಳಿಗ್ಗೆ ರೇಡಿಯೊದಲ್ಲಿ ಗೋಧಿಯ ಧಾರಣೆ ಕೇಳುತ್ತಿದ್ದರು. ಉಕ್ರೇನಿನಲ್ಲಿ ಬರ ಬಿದ್ದರೆ, ಈಜಿಪ್ಟ್ ಹೆಚ್ಚು ಕೊಂಡರೆ ಆ ಧಾರಣೆ ಏರುತ್ತದೆ. ಜಗತ್ತು ಅವರ ಅಡುಗೆಮನೆಗೆ ಒಂದು ಬೆಲೆಯಾಗಿ ಬರುತ್ತಿತ್ತು, ದೇಶದ ಹೆಸರು ಮಾತ್ರ ದಾರಿಯಲ್ಲೇ ಉಳಿದುಬಿಡುತ್ತಿತ್ತು. ಯುದ್ಧದ್ದೂ ಇದೇ ಕತೆ. 1973ರಲ್ಲಿ ಸೇನೆಗೆ ಕಡ್ಡಾಯ ಭರ್ತಿ ನಿಂತ ಮೇಲೆ ಯಾವುದೇ ಹೊತ್ತಿನಲ್ಲಿ ಸಮವಸ್ತ್ರ ತೊಟ್ಟಿರುವವರು ಜನಸಂಖ್ಯೆಯ ಶೇ 1ಕ್ಕಿಂತ ಕಡಿಮೆ. ಉಳಿದವರ ರೆಫ್ರಿಜರೇಟರಿನ ಮೇಲೆ ಭೂಪಟ ಅಂಟಿಸುವ ಪ್ರಮೇಯವೇ ಬರಲಿಲ್ಲ.

ನನ್ನ ಶಾಲೆಯ ಉಪ್ಪಿಟ್ಟಿನ ಕತೆಯನ್ನು ನಾನು ಆ ಹಿರಿಯರಿಗೆ ಹೇಳಿದೆ. ಅವರು ಬಹಳ ಹೊತ್ತು ಮೌನವಾಗಿದ್ದರು. ತಂದೆಯ ಜೊತೆ ಕಣಜಕ್ಕೆ ಧಾನ್ಯ ಹಾಕಿ ಬರುತ್ತಿದ್ದುದು ಅವರಿಗೆ ನೆನಪಿತ್ತು. ಕಣಜದಿಂದ ರೈಲು ಅದನ್ನು ಒಯ್ಯುತ್ತಿತ್ತು. ರೈಲು ಎಲ್ಲಿಗೆ ಹೋಗುತ್ತದೆಂದು ತಾವು ಎಂದೂ ಕೇಳಲಿಲ್ಲ ಎಂದರು. 'ಅಮೆರಿಕದ ಜನತೆಯ ಕೊಡುಗೆ' ಎಂದು ಚೀಲದ ಮೇಲೆ ಬರೆದಿತ್ತು. ಆ ಜನತೆಗೇ ಅದು ಗೊತ್ತಿರಲಿಲ್ಲ.

ನಮಗೆ ಮಾತ್ರ ಗೊತ್ತಿರಲೇಬೇಕಿತ್ತು. 1954ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಪಿಎಲ್-480 ಕಾನೂನು ನಮ್ಮ ಹಳ್ಳಿಯ ಕಟ್ಟೆಯ ಮೇಲೂ ಚರ್ಚೆಯ ವಸ್ತುವಾಗಿತ್ತು. ಶಾಲೆಯ ನುಚ್ಚು ದಾನವಾದರೆ, ಪಡಿತರ ಅಂಗಡಿಯ ಗೋಧಿ ಅದೇ ಕಾನೂನಿನಡಿ ರೂಪಾಯಿ ಕೊಟ್ಟು ಕೊಂಡದ್ದು. 1966ರಲ್ಲಿ ಅಮೆರಿಕದ ಗೋಧಿ ಬೆಳೆಯ ಸುಮಾರು ಐದನೇ ಒಂದು ಪಾಲು ಭಾರತಕ್ಕೆ ಬಂತು. ವಿಯೆಟ್ನಾಂ ಯುದ್ಧವನ್ನು ಟೀಕಿಸುತ್ತಿದ್ದ ಭಾರತದ ಬಗ್ಗೆ ಅಸಮಾಧಾನವಿದ್ದ, ನಮ್ಮ ಕೃಷಿ ನೀತಿ ಬದಲಾಗಲೆಂದು ಬಯಸುತ್ತಿದ್ದ ಅಧ್ಯಕ್ಷ ಲಿಂಡನ್ ಜಾನ್ಸನ್ ಹಡಗುಗಳನ್ನು ಬಿಗಿ ಹಿಡಿದು, ತಿಂಗಳ ಲೆಕ್ಕದಲ್ಲಿ ಬಿಡುಗಡೆ ಮಾಡುತ್ತಿದ್ದರು. ಅದಕ್ಕೂ ಮುಂಚೆ, 1965ರಲ್ಲಿ, ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಅವರು ವಾರಕ್ಕೊಂದು ಹೊತ್ತಿನ ಊಟ ಬಿಡುವಂತೆ ದೇಶಕ್ಕೆ ಕರೆ ಕೊಟ್ಟಿದ್ದರು; ಸೋಮವಾರ ರಾತ್ರಿ ನಮ್ಮ ಮನೆಯಲ್ಲೂ ಒಲೆ ಉರಿಯುತ್ತಿರಲಿಲ್ಲ. ವಾಷಿಂಗ್ಟನ್ನಿನಲ್ಲಿ ಯಾರು ಏನು ಯೋಚಿಸುತ್ತಿದ್ದಾರೆಂಬುದು ನಮ್ಮ ಪಾಲಿಗೆ ಅನ್ನದ ಪ್ರಶ್ನೆಯಾಗಿತ್ತು. ಕ್ಯಾನ್ಸಸ್‌ನವರಿಗೆ ದೆಹಲಿಯ ಯೋಚನೆ ತಿಳಿಯದೆ ಇದ್ದರೂ ಊಟ ತಪ್ಪುತ್ತಿರಲಿಲ್ಲ.

ಅತ್ತೆಯ ಹುಬ್ಬು ಗಂಟಿಕ್ಕಿದರೆ ಅದರ ಅರ್ಥ ಸೊಸೆಗೆ ತಕ್ಷಣ ತಿಳಿಯುತ್ತದೆ. ಸೊಸೆಯ ಮುಖ ಬಾಡಿದ್ದು ಅತ್ತೆಗೆ ಎಷ್ಟೋ ದಿನ ಗಮನಕ್ಕೇ ಬರುವುದಿಲ್ಲ. ಅಧಿಕಾರ ಇರುವೆಡೆ ಅರಿವಿನ ಅಗತ್ಯ ಕಡಿಮೆ. ಇಲ್ಲದವರಿಗೆ ಅದು ಬದುಕುವ ವಿದ್ಯೆ. ಈ ಶತಮಾನದ ಆರಂಭದಲ್ಲಿ ನಮ್ಮ ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ಹುಡುಗ ಹುಡುಗಿಯರು ಅಮೆರಿಕನ್ ಹೆಸರಿಟ್ಟುಕೊಂಡು, ಅಲ್ಲಿನ ಉಚ್ಚಾರಣೆ, ಬೇಸ್‌ಬಾಲ್, ಹವಾಮಾನ ಎಲ್ಲವನ್ನೂ ಕಲಿತು ರಾತ್ರಿಯಿಡೀ ಮಾತನಾಡುತ್ತಿದ್ದರು. ಆ ತುದಿಯಲ್ಲಿದ್ದವರಿಗೆ ತಾವು ಯಾವ ಊರಿನ ಜೊತೆ ಮಾತನಾಡುತ್ತಿದ್ದೇವೆಂದು ತಿಳಿಯಬಾರದು ಎಂಬುದೇ ಆ ತರಬೇತಿಯ ಉದ್ದೇಶವಾಗಿತ್ತು. ಅವರ ಅಜ್ಞಾನವನ್ನು ಕಾಯ್ದುಕೊಟ್ಟು ನಾವು ಸಂಬಳ ಪಡೆದಿದ್ದೇವೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಹಾಗೆಂದು ಎಲ್ಲ ಅಮೆರಿಕನ್ನರನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಅಯೋವಾದ ರೈತನ ಮಗ ನಾರ್ಮನ್ ಬೊರ್ಲಾಗ್ ಮೆಕ್ಸಿಕೊದ ಹೊಲಗಳಲ್ಲಿ ವರ್ಷಗಟ್ಟಲೆ ದುಡಿದು ಗಿಡ್ಡ ಗೋಧಿ ತಳಿಗಳನ್ನು ರೂಪಿಸಿದರು. 1966ರಲ್ಲಿ ಭಾರತ ತರಿಸಿಕೊಂಡ 18,000 ಟನ್ ಮೆಕ್ಸಿಕನ್ ಬೀಜವೇ ಮುಂದೆ ನಮ್ಮನ್ನು ಹಡಗಿನ ಹಂಗಿನಿಂದ ಬಿಡಿಸಿತು. 1961ರಿಂದ 1976ರವರೆಗೆ ಪೀಸ್ ಕೋರ್ ಸಂಘಟನೆಯ ತರುಣ ತರುಣಿಯರು ನಮ್ಮ ದೇಶದ ಹಳ್ಳಿಗಳಲ್ಲಿ ಬಂದು ನೆಲೆಸಿದರು. ಎಲ್ಲಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಪಿಎಲ್-480 ಗೋಧಿಗೆ ನಾವು ತೆತ್ತ ರೂಪಾಯಿಗಳ ಒಂದು ಸಣ್ಣ ಪಾಲಿನಿಂದ 1962ರಿಂದ ಅಮೆರಿಕದ ಸಂಸತ್ ಗ್ರಂಥಾಲಯವು ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಕನ್ನಡದ ಪುಸ್ತಕಗಳೂ ಅವುಗಳಲ್ಲಿದ್ದವು. ಗೋಧಿ ಇತ್ತ ಬಂತು, ಪುಸ್ತಕ ಅತ್ತ ಹೋಯಿತು. ತಿಳಿಯಬಯಸಿದ ಅಮೆರಿಕನ್ನನಿಗೆ ಕನ್ನಡವೂ ಕೈಯಳತೆಯಲ್ಲಿತ್ತು. ತಿಳಿಯದಿದ್ದರೂ ಬದುಕು ಸಾಗುವ ಬಹುಸಂಖ್ಯಾತರಿಗೆ ಆ ಕಪಾಟು ಇದೆಯೆಂಬುದೇ ಗೊತ್ತಿರಲಿಲ್ಲ.

ಈ ಅರಿವಿನ ಕೊರತೆ ಕೇವಲ ಸಾಮಾನ್ಯಜ್ಞಾನದ ವಿಷಯವಾಗಿ ಉಳಿಯದೆಂಬುದಕ್ಕೆ 2025 ಸಾಕ್ಷಿ. ಸರ್ಕಾರದ ಬಜೆಟ್ಟಿನಲ್ಲಿ ವಿದೇಶಿ ನೆರವಿನ ಪಾಲು ಎಷ್ಟೆಂದು ಕೇಳಿದಾಗಲೆಲ್ಲ ಅಮೆರಿಕನ್ನರು ಸರಾಸರಿ ಶೇ 25ಕ್ಕೂ ಹೆಚ್ಚು ಎಂದೇ ಸಮೀಕ್ಷೆಗಳಲ್ಲಿ ಹೇಳುತ್ತ ಬಂದಿದ್ದಾರೆ. ವಾಸ್ತವದಲ್ಲಿ ಅದು ಶೇ 1ರ ಆಸುಪಾಸು. ಮನೆಯ ಗಳಿಕೆಯಲ್ಲಿ ಕಾಲುಭಾಗ ಪರರ ಪಾಲಾಗುತ್ತಿದೆಯೆಂದು ನಂಬಿದವನು ಅದನ್ನು ನಿಲ್ಲಿಸಿದವರಿಗೆ ಚಪ್ಪಾಳೆ ತಟ್ಟುವುದು ಸಹಜ. 2025ರ ಜನವರಿಯಲ್ಲಿ ನೆರವನ್ನು ತಡೆಹಿಡಿಯಲಾಯಿತು. 48.9 ಕೋಟಿ ಡಾಲರ್ ಮೌಲ್ಯದ ಆಹಾರ ಬಂದರು, ಗೋದಾಮು ಮತ್ತು ಸಾಗಣೆಯ ಹಾದಿಯಲ್ಲಿ ಕೆಡುವ ಅಪಾಯದಲ್ಲಿದೆ ಎಂದು ಫೆಬ್ರುವರಿಯಲ್ಲಿ ಮಹಾ ತನಿಖಾಧಿಕಾರಿ ವರದಿ ನೀಡಿದರು. ಮರುದಿನವೇ ಅವರನ್ನು ವಜಾ ಮಾಡಲಾಯಿತು. 1961ರಲ್ಲಿ ಸ್ಥಾಪನೆಯಾಗಿದ್ದ ಯುಎಸ್‌ಏಡ್ ಸಂಸ್ಥೆಯ ಬಾಗಿಲು ಜುಲೈ 1ರಂದು ಮುಚ್ಚಿತು. ಎಲ್ಲೋ ಒಂದು ಶಾಲೆಯಲ್ಲಿ, ಚೀಲ ಹಾಸಿಕೊಂಡು ಕೂತ ನನ್ನಂಥ ಹುಡುಗನ ಮುಂದಿನ ತಟ್ಟೆ ಖಾಲಿಯಾಯಿತು.

ಆದರೆ ಹಗ್ಗಕ್ಕೆ ಎರಡು ತುದಿಗಳಿರುತ್ತವೆ. ನಿವೃತ್ತನಾಗಿ ವಿಚಿಟಾದಲ್ಲೇ ನೆಲೆಸಿರುವ ತಮ್ಮ ಆ ವಸಂತದಲ್ಲಿ ಫೋನ್ ಮಾಡಿದ್ದ. ಆ ಹಿರಿಯರು ತೀರಿಕೊಂಡು ವರ್ಷಗಳಾಗಿವೆ. ಮೊಮ್ಮಗ ಯುದ್ಧದಿಂದ ಬದುಕಿ ಬಂದ. ಈಗ ಅದೇ ಹೊಲದಲ್ಲಿ ಗೋಧಿಯ ಜೊತೆ ಜೋಳ ಬೆಳೆಯುತ್ತಾನೆ. ನಮ್ಮ ಉತ್ತರ ಕರ್ನಾಟಕದಲ್ಲಿ ರೊಟ್ಟಿಯಾಗುವ ಜೋಳ ಅಮೆರಿಕದಲ್ಲಿ ಹೆಚ್ಚಾಗಿ ಜಾನುವಾರುಗಳ ಮೇವು, ಎಥನಾಲ್ ಮತ್ತು ರಫ್ತಿನ ಸರಕು. ಆಫ್ರಿಕಾದ ಹಸಿದವರಿಗಾಗಿ ಸರ್ಕಾರ ಕೊಳ್ಳುತ್ತಿದ್ದುದೂ ಇದನ್ನೇ. ಜೋಳ ಬೆಳೆಯುವುದರಲ್ಲಿ ಕ್ಯಾನ್ಸಸ್ ಆ ದೇಶಕ್ಕೇ ಮೊದಲು. ಒಂದೆಡೆ ಚೀನಾದೊಂದಿಗಿನ ಸುಂಕ ಸಮರ, ಇನ್ನೊಂದೆಡೆ ನೆರವಿನ ಖರೀದಿಗೆ ಬಿದ್ದ ತಡೆ. ಕೊಳ್ಳುವವರಿಲ್ಲದೆ ಧಾರಣೆ ಕುಸಿಯಿತು. ಆಹಾರ ನೆರವಿನ ಯೋಜನೆಯನ್ನು ಕೃಷಿ ಇಲಾಖೆಗೆ ವಹಿಸಿ ಉಳಿಸಿಕೊಳ್ಳೋಣವೆಂದು ಮಸೂದೆ ಹಿಡಿದು ಓಡಾಡಿದವರಲ್ಲಿ ಕ್ಯಾನ್ಸಸ್‌ನ ಜನಪ್ರತಿನಿಧಿಗಳೇ ಮುಂದಿದ್ದರು. ರೈಲು ಎಲ್ಲಿಗೆ ಹೋಗುತ್ತಿತ್ತೆಂಬ ಪ್ರಶ್ನೆಯನ್ನು ಅಲ್ಲಿನ ರೈತರು ಕೇಳಿದ್ದು, ರೈಲು ನಿಂತ ಮೇಲೆ.

ಇಷ್ಟು ಬರೆದು ಮುಗಿಸಿದರೆ ನಾನು ನನಗೇ ಮೋಸ ಮಾಡಿಕೊಂಡಂತೆ. 2012ರ ಆಗಸ್ಟ್ ತಿಂಗಳಲ್ಲಿ ವದಂತಿಗಳಿಗೆ ಹೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣಕ್ಕೆ ಧಾವಿಸಿ ಊರು ಬಿಟ್ಟಿದ್ದು ಓದುಗರಿಗೆ ನೆನಪಿರಬಹುದು. ಅವರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರನೂ ಇದ್ದ. ನಾಲ್ಕು ವರ್ಷ ದಿನವೂ ನನಗೆ ಗೇಟು ತೆರೆದವನು. ಅವನು ಕನ್ನಡ ಕಲಿತಿದ್ದ. ನನ್ನ ರಕ್ತದೊತ್ತಡದ ಮಾತ್ರೆಯ ಹೆಸರೂ, ನನ್ನ ಮೊಮ್ಮಗಳ ಶಾಲಾ ವಾಹನ ಬರುವ ಹೊತ್ತೂ ಅವನಿಗೆ ಗೊತ್ತಿತ್ತು. ಅವನು ಅಸ್ಸಾಮಿನವನೋ ಮಣಿಪುರದವನೋ ಎಂಬುದು ನನಗೆ ಗೊತ್ತಿರಲಿಲ್ಲ. ಕ್ಯಾನ್ಸಸ್‌ನ ಅಡುಗೆಮನೆಯಲ್ಲಿ ಮನಸ್ಸಿನಲ್ಲೇ ನಕ್ಕವನು ನಾನೇ.

ಮೂರು ವಾರಗಳ ನಂತರ ಅವನು ಮರಳಿ ಬಂದ. ಊರು ಯಾವುದಪ್ಪಾ ಎಂದು ಕೇಳಿದೆ. ಕೊಕ್ರಝಾರ್ ಎಂದ. ಮೊಮ್ಮಗಳ ಅಟ್ಲಾಸ್ ತಂದು ಅವನ ಮುಂದೆ ಬಿಚ್ಚಿದೆ. ಭೂತಾನಿನ ಗಡಿಯ ಕೆಳಗೆ ಅವನು ಬೆರಳಿಟ್ಟು ತೋರಿಸಿದ.